ಅಕ್ಕನ ಜೀಪಿನ ಟಾಪು

ಟಾಪನ್ನು ಗುಜರಿಗೆ ಹಾಕುವ ಮಾತು ಎದ್ದದ್ದು ಅಕ್ಕನ ತಿಥಿಯ ದಿನವೇ. ಊಟ ಮುಗಿದಿತ್ತು. ಕ್ಯಾತನಹಳ್ಳಿಯ ಅವಳ ಮನೆಯ ಮುಂದೆ ಶಾಮಿಯಾನದ ಕಂಬಗಳನ್ನು ಕೀಳುತ್ತಿದ್ದರು. ಭಾವ, ಕೊಟ್ಟಿಗೆ ಪಕ್ಕದಲ್ಲಿದ್ದ ಜೀಪಿಗೆ ಬೆನ್ನು ಕೊಟ್ಟು ನಿಂತು ನನಗೆ ಹೇಳಿದರು.

“ಮೈಸೂರಿನೋನೊಬ್ಬ ಜೀಪು ಕೇಳ್ತಾವ್ನೆ ಕಣ್ಲಾ. ಗಾಡಿ ಬೇಕಂತೆ, ಟಾಪು ಬ್ಯಾಡ್ವಂತೆ. ಅದ್ನ ಬಿಚ್ಚಿ ಗುಜರಿಗಾಕಿ, ನಾನು ಬಟ್ಟೆ ಟಾಪು ಹೊಲುಸ್ಕತೀನಿ ಅಂದ. ಕೊಟ್ಬುಡನ ಅಂತ.”

ನನಗೆ ಮಾತು ಕಡಿಮೆ. ಅಕ್ಕನದು ಊರಾಚೆಗೂ ಕೇಳುವ ಗಂಟಲು. “ಜೋರಾಗಿ ಮಾತಾಡ್ಲಾ, ಬಾಯಲ್ಲಿ ಅವಲಕ್ಕಿ ಮಡಗಿದ್ದೀಯಾ?” ಎಂದು ಚಿಕ್ಕಂದಿನಿಂದ ನನ್ನನ್ನು ಗದರಿದವಳು. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಅವಳ ದನಿ ಎಷ್ಟು ಇಳಿದಿತ್ತೆಂದರೆ ನಾನೇ ಅವಳ ಬಾಯಿಯ ಹತ್ತಿರ ಕಿವಿ ಇಡಬೇಕಾಯಿತು. ಆಗಲೂ ಅವಳು ಕೇಳಿದ್ದು, ಗಾಡಿ ಮಳೆಯಲ್ಲಿ ನೆನೀತಾ ಅದಾ ಎಂದು.

ಅಕ್ಕನ ಮಗಳು ಒಳಗಿನಿಂದ ಬಂದು ಅಪ್ಪನ ಎದುರು ನಿಂತಳು. ಡಿಗ್ರಿ ಮುಗಿಸಿದ ಹುಡುಗಿ. ಜೀಪು ಓಡಿಸುವುದನ್ನು ತಾಯಿಯ ಪಕ್ಕದಲ್ಲಿ ಕೂತೇ ಕಲಿತಿದ್ದಳು.

“ಗಾಡಿ ಮಾರಂಗಿಲ್ಲ ಅಪ್ಪ. ಹಾಲಿನ ರೂಟು ನಾನು ಓಡುಸ್ತೀನಿ.”

“ನಿಮ್ಮವ್ವ ಓಡ್ಸಿದ್ದು ಸಾಕು. ಆ ಟಾಪು ನೋಡವ್ವ, ರಾಗಿ ಜರಡಿ ಆಗದೆ. ಒಳಗೆ ಕೂತ್ರೆ ಬಚ್ಚಲಲ್ಲಿ ಕೂತಂಗಾಯ್ತದೆ.”

“ಮಾವ ಸರಿ ಮಾಡ್ತದೆ.”

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ “ಮಾಡ್ತೀನಿ” ಅಂದೆ.

ಭಾವ ಆಗ ನನ್ನ ಮುಖ ನೋಡಿದರು. “ಚಿತ್ತೆ ಮಳೆ ಬರೋಗಂಟ ಟೈಮು. ಆ ಮಳೇಲಿ ಒಂದು ಹನಿ ಒಳಿಕ್ಕೆ ಬಿದ್ರೂ ಗಾಡಿ ಮೈಸೂರಿಗೆ. ಆಮೇಲೆ ನೀನಾಗ್ಲಿ ಅವಳಾಗ್ಲಿ ತುಟಿ ಬಿಚ್ಚಂಗಿಲ್ಲ.”

ಆ ಜೀಪು ಮೊದಲು ನಾಲೆ ಇಲಾಖೆಯದು, ಹರಾಜಿನಲ್ಲಿ ತಂದದ್ದು. ಭಾವನಿಗೆ ಎತ್ತಿನ ಗಾಡಿ ಬಿಟ್ಟು ಬೇರೆ ಯಾವುದೂ ಬಾರದು. ಸ್ಟೇರಿಂಗ್ ಹಿಡಿದವಳು ಅಕ್ಕ. ನಾಲೆ ಏರಿಯ ಉದ್ದಕ್ಕೂ ಇರುವ ತೋಟದ ಮನೆಗಳಿಗೆ ಹಾಲಿನ ಲಾರಿ ಹೋಗುವುದಿಲ್ಲ. ಅವಳು ಆ ಮನೆಗಳ ಹಾಲನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ಡೈರಿಗೆ ತರುತ್ತಿದ್ದಳು. ವಾಪಸು ಹೋಗುವಾಗ ಖಾಲಿ ಕ್ಯಾನುಗಳನ್ನು ತೊಳೆದು ಟಾಪಿನ ಮೇಲೆ ಬೋರಲು ಹಾಕಿ ಹಗ್ಗ ಬಿಗಿಯುತ್ತಿದ್ದಳು. ಮನೆ ತಲುಪುವ ಹೊತ್ತಿಗೆ ಗಾಳಿ ಬಿಸಿಲಿಗೆ ಕ್ಯಾನು ಒಣಗಿರುತ್ತಿತ್ತು.

ಟಾಪನ್ನು ತಿಂದದ್ದು ಅದೇ. ಎಷ್ಟು ತೊಳೆದರೂ ಕ್ಯಾನಿನಿಂದ ಒಂದಿಷ್ಟು ಹಾಲಿನ ನೀರು ಇಳಿಯುತ್ತದೆ. ಅದು ಹುಳಿಯಾಗಿ ಮೊದಲು ಬಣ್ಣವನ್ನು, ಆಮೇಲೆ ತಗಡನ್ನು ತಿನ್ನುತ್ತದೆ. ಟಾಪಿನ ತುಂಬ ಕ್ಯಾನಿನ ಬಾಯಿಯ ಅಳತೆಯ ತುಕ್ಕಿನ ಉಂಗುರಗಳು ಎದ್ದಿದ್ದವು. ಹಿಂದಿನ ತುದಿಯಲ್ಲೊಂದು ತಗ್ಗು. ಅದು ಬಿಂಡಿಗನವಿಲೆಯಿಂದ ತಂದ ಟಗರು ದಾರಿಯಲ್ಲಿ ಮೇಲೆ ಕುಣಿದಾಗ ಆದದ್ದು.

ಬಿಚ್ಚುವುದೇ ಒಂದು ಕೆಲಸವಾಯಿತು. ಟಾಪನ್ನು ಮುಂದಿನ ಗಾಜಿನ ಚೌಕಟ್ಟಿಗೂ ಪಕ್ಕದ ಕಂಬಗಳಿಗೂ ಬಿಗಿದ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿ ಹೋಗಿದ್ದವು. ಡೀಸೆಲ್ ಸುರಿದು ನೆನೆಯಲು ಬಿಟ್ಟೆ. ಕೆಲವು ತಿರುಗಿದವು, ಉಳಿದವನ್ನು ಗರಗಸದಲ್ಲಿ ಕೊಯ್ದೆ. ಕಬ್ಬು ಕಡಿಯಲು ಬಂದಿದ್ದ ಆಳುಗಳು ಸುತ್ತ ನಿಂತು ಎತ್ತಿ ಟ್ರಾಕ್ಟರ್ ಟ್ರೈಲರಿನಲ್ಲಿ ಅಂಗಾತ ಮಲಗಿಸಿದರು. ಪಾಂಡವಪುರದ ನನ್ನ ಶೆಡ್ಡಿಗೆ ಹೊರಟಾಗ ಅರಳಿಕಟ್ಟೆಯ ಮೇಲಿದ್ದ ಒಬ್ಬಾತ, “ಇದೇನಪ್ಪ, ಹೆಣ ಸಾಗಿಸ್ದಂಗೆ ಸಾಗುಸ್ತಾವ್ನೆ” ಎಂದ. ಟ್ರೈಲರಿನಲ್ಲಿ ನಿಂತಿದ್ದ ಹುಡುಗಿ ತಾಯಿಯ ಗಂಟಲಲ್ಲೇ ಕೂಗಿದಳು. “ಆಸ್ಪತ್ರೆಗೆ ಒಯ್ತಾ ಇದೀವಿ ಕಣಣ್ಣ. ನೀನೂ ಬಂದ್ರೆ ಜೊತೇಲಿ ತೋರುಸ್ಕಂಡು ಬರಬೌದು!”

ನನ್ನದು ತಗಡು ಕೆಲಸ, ಟಿಂಕರ್ ಅನ್ನುತ್ತಾರೆ. ಬಸ್ಸಿನ ಮೈ, ಟ್ರಾಕ್ಟರಿನ ಮಡ್‌ಗಾರ್ಡು, ನಜ್ಜಾದ ಬಾಗಿಲು. ಆದರೆ ಇಷ್ಟು ಸವೆದ ತಗಡಿಗೆ ಅಲ್ಲಿಯವರೆಗೆ ಕೈ ಹಾಕಿರಲಿಲ್ಲ. ಮೇಲೆ ಡಾಂಬರಿನ ಒಂದು ದಪ್ಪ ಪದರ. ಮಳೆಗೆ ಸೋರಿದಾಗಲೆಲ್ಲ ರಸ್ತೆ ಕೆಲಸದವರಿಂದ ಕೇಳಿ ತಂದು ಬಳಿದದ್ದು. ಮಧ್ಯಾಹ್ನ ಅದಕ್ಕೆ ಉಳಿ ಇಟ್ಟರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಬೆಳಗಿನ ಜಾವದ ತಂಪಿನಲ್ಲಿ ಹೊಡೆದರೆ ಮಾತ್ರ ಚಕ್ಕೆಯಾಗಿ ಏಳುತ್ತಿತ್ತು. ಹಾಗಾಗಿ ಬಿಸಿಲೇರುವವರೆಗೆ ಉಳಿ, ಬಿಸಿಲೇರಿದ ಮೇಲೆ ಸೀಮೆಎಣ್ಣೆ ಬಟ್ಟೆ. ಒಳಮೈಗೆ ಹೊಡೆದಿದ್ದ ರೆಕ್ಸಿನ್ನು ಕಿತ್ತೆ. ಅದರ ಹಿಂದಿನ ನಾರಿನ ಹಾಸು ಇನ್ನೂ ಒದ್ದೆಯಾಗಿತ್ತು. ನೀರನ್ನು ತಗಡಿಗೆ ಅಂಟಿಸಿ ಇಟ್ಟುಕೊಂಡು ವರ್ಷಗಟ್ಟಲೆ ಕೊಳೆಸಿದ್ದು ಅದೇ. ಇನ್ನು ಇದಕ್ಕೆ ಒಳಬಟ್ಟೆ ಹಾಕುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ. ಸೋರಿದರೆ ಕಣ್ಣಿಗೆ ಕಾಣಲಿ.

ಡಾಂಬರಿನ ಕೆಳಗೆ ಅಕ್ಕನ ಕೈ ಸಿಕ್ಕಿತು. ನಜ್ಜಾದ ಹಾಲಿನ ಕ್ಯಾನುಗಳ ಮುಚ್ಚಳ ಕತ್ತರಿಸಿ, ಚಪ್ಪಟೆ ಬಡಿದು, ತೂತಿದ್ದ ಕಡೆಗೆಲ್ಲ ತೇಪೆ ಹಾಕಿ ರಿವೆಟ್ಟು ಹೊಡೆದಿದ್ದಳು. ಅಂತರ ಒಂದೊಂದು ಕಡೆ ಒಂದೊಂದು ಥರ. ಒಂದು ರಿವೆಟ್ಟಂತೂ ಬೊಟ್ಟು ತಪ್ಪಿ ಹಣೆಯಾಚೆ ಇಟ್ಟ ಕುಂಕುಮದ ಹಾಗಿತ್ತು. ಕ್ಯಾನು ಅಲ್ಯುಮಿನಿಯಂ, ಟಾಪು ಕಬ್ಬಿಣ. ಅವೆರಡರ ನಡುವೆ ನೀರು ನಿಂತರೆ ಒಂದನ್ನೊಂದು ತಿನ್ನುತ್ತವೆ. ತೇಪೆ ಎಬ್ಬಿಸಿದರೆ ಕೆಳಗೆ ವಿಭೂತಿಯಂಥ ಬಿಳಿ ಪುಡಿ, ಅದರ ಕೆಳಗೆ ಗುಳಿಬಿದ್ದ ತಗಡು.

ನಾನು ಆ ತೇಪೆಗಳನ್ನು ಒಂದೊಂದಾಗಿ ಬಿಡಿಸಿ ಗೋಡೆಗೆ ಒರಗಿಸಿ ಇಟ್ಟೆ. ಆ ದಿನ ಬೇರೆ ಕೆಲಸ ಮಾಡಲಿಲ್ಲ.

ಮುಂದೆ ಎಡವಿದ್ದು ನಾನೇ. ತಗಡಿನ ಕೆಲಸದವನಿಗೆ ಒಂದು ಹಮ್ಮಿರುತ್ತದೆ, ಬೆಸುಗೆ ಹಾಕಿದ ಜಾಗ ಯಾರ ಕಣ್ಣಿಗೂ ಕಾಣಬಾರದು. ಟಾಪನ್ನು ಶೆಡ್ಡಿನ ಸಮ ನೆಲದ ಮೇಲಿಟ್ಟೆ. ಒಂದು ಮೂಲೆ ನೆಲಕ್ಕೆ ತಾಗದೆ ಎದ್ದಿತ್ತು. ಉದ್ದಕ್ಕೆ ಓರೆಯಾಗಿ ಒಂದು ಮಡಿಕೆ ಓಡಿತ್ತು. ಆ ಮಡಿಕೆಯನ್ನು ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ನೇರ ಮಾಡಿದೆ. ನಾಲ್ಕೂ ಮೂಲೆ ನೆಲಕ್ಕೆ ಕೂತವು. ತೂತುಗಳನ್ನು ಕೊಯ್ದು, ಅದೇ ಅಳತೆಯ ಹೊಸ ತಗಡು ಕೂರಿಸಿ ಗ್ಯಾಸ್ ವೆಲ್ಡಿಂಗ್ ಶುರು ಮಾಡಿದೆ.

ಸವೆದ ತಗಡು ಬೆಂಕಿ ತಡೆಯಲಿಲ್ಲ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಉರಿದು ಬಾಯಿ ಬಿಡುತ್ತಿತ್ತು. ಕಾದ ತಗಡು ಹಿಗ್ಗಿ, ಆರುವಾಗ ಎಳೆದುಕೊಂಡು, ನಡುವೆ ಹೊಟ್ಟೆ ಬಿಟ್ಟಿತು. ಬೆರಳಲ್ಲಿ ಒತ್ತಿದರೆ ಎಣ್ಣೆ ಡಬ್ಬದ ಹಾಗೆ ‘ಡಬ್’ ಎಂದು ಒಳಗೆ ಹೋಗುವುದು, ಬಿಟ್ಟರೆ ‘ಡಬ್’ ಎಂದು ಮೇಲೆ ಬರುವುದು. ಹೊಟ್ಟೆಯ ಮೇಲೆ ಅಲ್ಲಲ್ಲಿ ಕಾಸಿನಗಲ ಕೆಂಪಗೆ ಕಾಯಿಸಿ, ಸುತ್ತ ತಟ್ಟಿ, ಒದ್ದೆ ಗೋಣಿ ಒತ್ತಿ ಕುಗ್ಗಿಸಿ ನೋಡಿದೆ. ಒಂದು ಕಡೆ ಕುಗ್ಗಿದ್ದು ಇನ್ನೊಂದು ಕಡೆ ಎದ್ದಿತು.

ಪಕ್ಕದ ಶೆಡ್ಡಿನ ಪೇಂಟರು ಬಂದು ಒತ್ತಿ ಒತ್ತಿ ಆಟ ಆಡಿದ. “ಲೇ, ಇದ್ನ ಜಾತ್ರೇಲಿ ತಮಟೆ ಅಂತ ಬಾಡಿಗೆಗೆ ಬುಡ್ಲಾ. ಪಟ್ಟಿ ಮೆತ್ತಿ ಉಜ್ಜಾಕ್ತೀನಿ ಕೊಡು, ಕನ್ನಡಿ ಆಯ್ತದೆ. ಇಲ್ಲ ಅಂದ್ರೆ ಒಂದು ಫೈಬರ್ ಟಾಪು ತಂದು ಕುಂಡ್ರುಸು.”

“ಬೇಡ.”

“ಯಾಕ್ ಬೇಡ?”

“ಬೇಡ ಅಂದ್ರೆ ಬೇಡ.”

ಪಟ್ಟಿ ಎಂದರೆ ನಮ್ಮಲ್ಲಿ ತಗ್ಗು ಮುಚ್ಚಲು ಮೆತ್ತುವ ಲಪ್ಪ, ಪುಟ್ಟಿ. ಕ್ಯಾನು ಹೇರಿದ ಮೊದಲ ವಾರವೇ ಅದು ಬಿರುಕು ಬಿಟ್ಟು ನೀರು ಕುಡಿಯುತ್ತದೆ. ಅದು ಅವನಿಗೂ ಗೊತ್ತು. ಆದರೆ ನನ್ನ ಕೈಯಲ್ಲಿ ಬೇರೆ ದಾರಿ ಇರಲಿಲ್ಲ. ಮಳೆ ನಕ್ಷತ್ರಗಳು ಒಂದೊಂದಾಗಿ ಉರುಳುತ್ತಿದ್ದವು. ಉತ್ತರೆ ಕಳೆದು ಹಸ್ತಕ್ಕೆ ಬಂದಿದ್ದೆವು, ಅದರ ಮುಂದಿನದೇ ಚಿತ್ತೆ. ಭಾವ ಒಮ್ಮೆ ಸಂತೆಗೆ ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತು ನೋಡಿ, “ಉಬ್ಬೋಗದೆ” ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು.

ಆ ವಾರವೇ ಆಲೆಮನೆಯವರೊಬ್ಬರ ಟ್ರೈಲರು ನನ್ನಲ್ಲಿಗೆ ಸ್ಪ್ರಿಂಗಿನ ಪಟ್ಟಿ ಮುರಿದುಕೊಂಡು ಬಂತು. ಅದರ ಮೇಲೆ ಬೆಲ್ಲ ಕಾಯಿಸುವ ಕೊಪ್ಪರಿಗೆ ಇತ್ತು. ಟ್ರೈಲರಿನ ಕೆಲಸ ಮುಗಿಸಿ ಕೈ ಒರೆಸುತ್ತ ಅದನ್ನೇ ನೋಡುತ್ತಾ ನಿಂತೆ. ನೋಡದ ವಸ್ತುವೇನಲ್ಲ. ಆದರೆ ಆ ದಿನ ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಎಲ್ಲೂ ಬೆಸುಗೆ ಇಲ್ಲ. ತಗಡಿನ ಮೇಲೆ ತಗಡು ಹತ್ತಿಸಿ, ಎರಡು ಸಾಲು ರಿವೆಟ್ಟು. ಕೆಳಗೆ ಉರಿ, ಒಳಗೆ ಕುದಿಯುವ ಕಬ್ಬಿನ ಹಾಲು, ಆದರೂ ಒಂದು ತೊಟ್ಟು ಸೋರುವುದಿಲ್ಲ. ಗೋಡೆಗೆ ಒರಗಿಸಿದ್ದ ಅಕ್ಕನ ತೇಪೆಗಳತ್ತ ತಿರುಗಿದೆ. ಅವಳು ಮಾಡಿದ್ದೂ ಇದನ್ನೇ. ಲೋಹ ಬೇರೆಯಾಗಿತ್ತು, ನಡುವೆ ಬಣ್ಣ ಹಚ್ಚಿರಲಿಲ್ಲ, ಅಷ್ಟೇ.

ಬೆಸುಗೆಯನ್ನು ಅಲ್ಲಿಗೇ ಬಿಟ್ಟೆ.

ಕೆ.ಆರ್. ಪೇಟೆಯಲ್ಲಿ ಕೊಪ್ಪರಿಗೆ ಕಟ್ಟುವ ಒಬ್ಬ ಸಾಬರಿದ್ದಾರೆ. ಮಾಕವಳ್ಳಿ ಸುತ್ತಿನ ಆಲೆಮನೆಗಳಲ್ಲಿ ಅವರ ಕೊಪ್ಪರಿಗೆಯೇ ಹೆಚ್ಚು, ಆ ಮಾತನ್ನು ಅವರೇ ಎಲ್ಲರಿಗೂ ಹೇಳುತ್ತಾರೆ. ಒಂದು ತುಂಡು ಟಾಪಿನ ತಗಡು ತೆಗೆದುಕೊಂಡು ಹೋದೆ. ಅವರು ಅದನ್ನು ಬಾಗಿಸಿ ನೋಡಿ ನಕ್ಕರು.

“ಇದು ತಗಡಲ್ಲ ಬೇಟಾ, ಹಪ್ಪಳ. ಇದಕ್ಕೆ ಬೆಂಕಿ ತೋರ್ಸಿದ್ಯಾ? ತೌಬಾ! ನಿಮ್ಮ ಟಿಂಕರ್ ಜನಕ್ಕೆ ಬೆಂಕಿ ಬಿಟ್ರೆ ಬೇರೆ ದೇವ್ರಿಲ್ಲ.”

“ರಿವೆಟ್ಟು ತಡೀತದಾ ಸಾಬ್ರೆ?”

“ತಡೀತದಾ ಅಂತ ನನ್ನ ಕೇಳ್ತಾನೆ ನೋಡು! ನಾನು ಹೊಡೆದ ಕೊಪ್ಪರಿಗೆ ಹೊತ್ಕೊಂಡು ಹೊಳೆ ದಾಟಬಹುದು. ಕೇಳು. ರಿವೆಟ್ಟು ಮೆತ್ತಗಿರಬೇಕು. ನಡುವಿಂದ ಶುರು ಮಾಡಿ ಎರಡೂ ಕಡೆಗೆ ಹೋಗು, ತುದಿಯಿಂದ ಬಂದ್ರೆ ನಡುವೆ ಹೊಟ್ಟೆ ಬರ್ತದೆ. ಸಾಲು ಎದುರುಬದುರು ಬೇಡ, ಒಂದರ ಸಂದಿಗೆ ಇನ್ನೊಂದು. ಅಂಚನ್ನ ಮೊಂಡು ಉಳಿಯಲ್ಲಿ ತಟ್ಟಿ ಕಚ್ಚಿಸು. ಆಮೇಲೆ ಅಂಗಾತ ಹಾಕಿ ನೀರು ತುಂಬ್ಸು, ಹೊರಗಡೆ ಸುಣ್ಣ ಬಳಿ. ಎಲ್ಲಿ ಸುಣ್ಣ ಕಪ್ಪಾಗ್ತದೋ ಅಲ್ಲಿ ನೀನು ಕಳ್ಳ.”

ಮೆತ್ತನೆಯ ಕಬ್ಬಿಣದ ರಿವೆಟ್ಟು ಈಗ ಸುಲಭಕ್ಕೆ ಸಿಗದು. ನಾಗಮಂಗಲದಲ್ಲಿ ಟ್ರಂಕು ಮಾಡುವ ಹಳೇ ಅಂಗಡಿಯೊಂದರಲ್ಲಿ ಒಂದು ಡಬ್ಬ ಸಿಕ್ಕಿತು. ಬೆಸುಗೆ ಹಾಕಿ ಹಾಳುಮಾಡಿದ್ದ ಜಾಗಗಳನ್ನೆಲ್ಲ ಕೊಯ್ದು ತೆಗೆದೆ. ಕೊಳೆತದ್ದು ಎಲ್ಲಿ ಮುಗಿದು ಗಟ್ಟಿ ತಗಡು ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಕೊಯ್ಯಲೇಬೇಕು. ಕರುಣೆಯಿಂದ ಒಂದು ಬೆರಳು ಬಿಟ್ಟರೂ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಉಳಿದ ತಗಡಿಗೆ ತುಕ್ಕಿನ ಆಸಿಡ್ ಹಚ್ಚಿ, ತೊಳೆದು, ಒಣಗಿಸಿದೆ. ಹೊಸ ತೇಪೆಗೂ ಹಳೆಯ ತಗಡಿಗೂ ಎರಡು ಕಡೆ ರೆಡ್ ಆಕ್ಸೈಡು. ಅದು ಹಸಿಯಾಗಿರುವಾಗಲೇ ಒಂದರ ಮೇಲೊಂದು ಕೂರಿಸಿ ನಡುವಿನಿಂದ ರಿವೆಟ್ಟು. ಹುಡುಗಿ ಕೆಳಗಿನಿಂದ ಕಬ್ಬಿಣದ ಗುಂಡು ಒತ್ತಿ ಹಿಡಿಯುವಳು, ನಾನು ಮೇಲಿಂದ ರಿವೆಟ್ಟಿನ ತಲೆ ಬಡಿಯುವೆ. ಅವಳ ಕಿವಿಯಲ್ಲಿ ಹತ್ತಿ. ಕ್ಯಾನಿನ ಉಂಗುರಗಳಲ್ಲಿ ತೂತಾಗದೆ ಬರೀ ಗುಳಿಬಿದ್ದವನ್ನು ಹಾಗೆಯೇ ಉಳಿಸಿ ಬಣ್ಣ ತುಂಬಿದೆ.

ಪೇಂಟರು ದಿನಾ ಬಂದು ಹೋಗುತ್ತಿದ್ದ. “ಏನ್ಲಾ, ಮದುವೆಗೆ ಟ್ರಂಕು ಮಾಡ್ತಿದೀಯಾ? ಒಂದು ಬೀಗದ ಚಿಲಕನೂ ಇಟ್ಬುಡು.”

ಹುಡುಗಿ ಕೆಳಗಿನಿಂದಲೇ, “ಇಡ್ತೀವಿ ಕಣಣ್ಣ, ನಿನ್ ಬಾಯಿಗೆ” ಎಂದಳು.

ಅಂಗಾತ ಹಾಕಿ ನೀರು ತುಂಬಿಸಿದೆವು. ಹೊರಮೈಯ ಸುಣ್ಣ ಎರಡು ಕಡೆ ಕಪ್ಪಾಯಿತು. ಅಲ್ಲಿ ಅಂಚು ತಟ್ಟಿ ಮತ್ತೆ ತುಂಬಿಸಿದೆವು. ಬೆಳಗ್ಗೆ ಹಾಕಿದ ನೀರಿನಲ್ಲಿ ಸಂಜೆ ಒಂದು ಕಾಗೆ ಬಂದು ಸ್ನಾನ ಮಾಡಿ ಹೋಯಿತು. ಸುಣ್ಣ ಬೆಳ್ಳಗೇ ಇತ್ತು. ಆ ಸಂಜೆ ಅಕ್ಕ ಸತ್ತ ಮೇಲೆ ಮೊದಲ ಸಲ ನನಗೆ ಹೊಟ್ಟೆ ತುಂಬ ಊಟ ಸೇರಿತು.

ಬಣ್ಣ ಹೊಡೆದು, ಕ್ಯಾತನಹಳ್ಳಿಗೆ ವಾಪಸು ಒಯ್ದು, ಜೀಪಿನ ಮೇಲೆ ಟಾಪು ಕೂರಿಸಿ ಬೋಲ್ಟು ಬಿಗಿದೆವು. ಮುಂದಿನ ಬಲ ಮೂಲೆ ಗಾಜಿನ ಚೌಕಟ್ಟಿನಿಂದ ಒಂದು ಬೆರಳಿನಷ್ಟು ಎದ್ದೇ ಇತ್ತು. ಬೋಲ್ಟು ಬಿಗಿದರೆ ಕೂರುತ್ತದೆ ಎಂದು ಬಲವಾಗಿ ಎಳೆದು ಬಿಗಿದೆ. ಶ್ರೀರಂಗಪಟ್ಟಣದ ಹಳೇ ಸಾಮಾನಿನ ಅಂಗಡಿಯಿಂದ ಬೀಡಿಂಗ್ ರಬ್ಬರು ತರಲು ಅದೇ ಜೀಪಿನಲ್ಲಿ ಹೋದೆವು. ಅಂಗಡಿಯ ಮುಂದೆಯೇ ಸಂದಿಗೆ ರಬ್ಬರು ಕೂರಿಸಿದೆ. ವಾಪಸು ಬರುವಾಗ ಹಸ್ತ ಮಳೆಯ ಒಂದು ಸಣ್ಣ ಸೋನೆ ಹಿಡಿಯಿತು. ನೀರು ಟಾಪಿನಿಂದಲ್ಲ, ಟಾಪಿಗೂ ಚೌಕಟ್ಟಿಗೂ ನಡುವಿನ ಸಂದಿಯಿಂದ ನೇರ ಹುಡುಗಿಯ ಬಲತೊಡೆಯ ಮೇಲೆ ಸುರಿಯಿತು. ಅವಳು ಗಾಡಿ ನಿಲ್ಲಿಸದೆ ಓಡಿಸಿದಳು. ಮನೆ ಮುಂದೆ ಇಳಿದಾಗ ಭಾವ ಅವಳ ಒದ್ದೆ ಬಟ್ಟೆ ನೋಡಿದರು, ಜೇಬಿನಿಂದ ಫೋನು ತೆಗೆದರು.

“ಹಸ್ತದ ಸೋನೆಗೇ ಇಂಗಾದ್ರೆ ಚಿತ್ತೆಗೆ ಏನು ಗತಿ? ಮೈಸೂರಿನೋನಿಗೆ ಬಾ ಅಂತೀನಿ.”

“ಚಿತ್ತೆ ಅಂದಿದ್ರಿ ಬಾವ,” ಎಂದೆ. “ಚಿತ್ತೆ ಇನ್ನೂ ಬಂದಿಲ್ಲ.”

“ಬಂದಿಲ್ಲ. ಬತ್ತದೆ. ಅವನೂ ಬರ್ಲಿ.”

ಭಾವ ಕೆಟ್ಟವರಲ್ಲ. ಆ ಜೀಪು ಕೊಟ್ಟಿಗೆ ಪಕ್ಕ ಇದ್ದಷ್ಟು ದಿನ ಅವರು ಆ ಕಡೆಯ ಬಾಗಿಲು ಬಿಟ್ಟು ಹಿತ್ತಲಿಂದ ಓಡಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಆದರೆ ಅವರಿಗೆ ಕಣ್ಣಿಗೆ ಮರೆಯಾದರೆ ಸಾಕಿತ್ತು. ನನಗೆ ಅದು ಕಣ್ಣ ಮುಂದೆಯೇ ಓಡಬೇಕಿತ್ತು.

ಮಾರನೆಯ ಬೆಳಗ್ಗೆ ಗಾರೆಯವರು ಬಳಸುವ ನೀರಿನ ಟ್ಯೂಬ್ ಲೆವೆಲ್ಲು ತಂದು ಜೀಪಿನ ನಾಲ್ಕೂ ಮೂಲೆ ಅಳೆದೆ. ಟಾಪು ನೇರವಾಗಿತ್ತು. ಜೀಪು ನೇರವಾಗಿರಲಿಲ್ಲ. ಎಡಕ್ಕೆ ಒಂದಿಷ್ಟು ಇಳಿದು, ಇಡೀ ಮೈ ಹಿಂಡಿದ ಬಟ್ಟೆಯ ಹಾಗೆ ತುಸು ತಿರುಚಿಕೊಂಡಿತ್ತು. ನಾಲೆ ಏರಿಯ ದಾರಿ ಗದ್ದೆಯ ಕಡೆಗೆ ವಾಲಿದೆ. ಅಕ್ಕ ಅಷ್ಟು ವರ್ಷ ತುಂಬಿದ ಕ್ಯಾನು ಹೇರಿಕೊಂಡು ಆ ವಾಲಿನಲ್ಲೇ ಓಡಿಸಿದ್ದಳು. ಗಾಡಿ ಆ ದಾರಿಗೆ ತಕ್ಕ ಹಾಗೆ ಬಾಗಿತ್ತು, ಟಾಪು ಗಾಡಿಗೆ ತಕ್ಕ ಹಾಗೆ ಬಾಗಿತ್ತು. ನಾನು ಊನ ಅಂದುಕೊಂಡು ಬಡಿದು ತೆಗೆದ ಮಡಿಕೆ ಅದೇ.

ಜೀಪಿನ ಮೈಯನ್ನು ನೇರ ಮಾಡಬಹುದಿತ್ತು. ಚಾಸಿಯಿಂದ ಬಿಚ್ಚಿ, ಎಳೆದು, ಪೂರಾ ಹೊಸತು ಮಾಡಬಹುದಿತ್ತು. ಮೈಸೂರಿನವನು ಮಾಡಿಸುತ್ತಿದ್ದದ್ದೂ ಅದನ್ನೇ. ನಾನು ಅದನ್ನು ಮಾಡುವುದಿಲ್ಲ ಅಂದುಕೊಂಡೆ. ಈ ಗಾಡಿ ಹೇಗೆ ನಿಂತಿದೆಯೋ ಹಾಗೇ ನಿಲ್ಲಲಿ, ಟಾಪೇ ಮತ್ತೆ ಬಾಗಲಿ.

ಮುಂದಿನ ಅಂಚಿನ ರಿವೆಟ್ಟುಗಳನ್ನೆಲ್ಲ ಕೊರೆದು ತೆಗೆದೆ. ಜೀಪನ್ನು ಶೆಡ್ಡಿಗೆ ಒಯ್ಯಲಿಲ್ಲ. ಹುಡುಗಿ ಅದನ್ನು ನಾಲೆ ಏರಿಗೆ ಹತ್ತಿಸಿ, ದಾರಿ ಹೆಚ್ಚು ವಾಲಿರುವ ಕಡೆ ನಿಲ್ಲಿಸಿದಳು. ಕ್ಯಾನುಗಳಿಗೆ ನಾಲೆಯ ನೀರು ತುಂಬಿ, ಅವಳ ತಾಯಿ ಇಡುತ್ತಿದ್ದ ಜಾಗದಲ್ಲೇ ಒಳಗೆ ಜೋಡಿಸಿದೆವು. ಗಾಡಿ ತನ್ನ ಭಾರಕ್ಕೆ ತಾನು ಇಳಿದು ಕೂತಿತು. ಆಗ ಟಾಪಿನ ಎಲ್ಲ ಬೋಲ್ಟು ಸಡಿಲ ಮಾಡಿ, ಹಿಂದಿನಿಂದ ಮುಂದಕ್ಕೆ ಒಂದೊಂದೇ ಸುತ್ತು ಬಿಗಿಯುತ್ತಾ ಬಂದೆ. ಓರೆ ಮಡಿಕೆ ಇದ್ದ ಕಡೆ ಅಂಗೈಯಲ್ಲಿ ಒತ್ತಿ ದಾರಿ ತೋರಿಸಿದೆ. ತಗಡು ನೆನಪಿಟ್ಟುಕೊಂಡಿತ್ತು. ಮಡಿಕೆ ಮೆಲ್ಲಗೆ ತನ್ನ ಹಳೇ ಜಾಗಕ್ಕೆ ಬಂದು ನಿಂತಿತು. ಬಲ ಮೂಲೆಯ ಸಂದಿ ಮುಚ್ಚಿತು. ಅಲ್ಲೇ, ಏರಿಯ ಮೇಲೆಯೇ, ಮುಂದಿನ ಅಂಚಿಗೆ ಹೊಸದಾಗಿ ತೂತು ಕೊರೆದು ರಿವೆಟ್ಟು ಬಡಿದೆ.

ಗದ್ದೆಗೆ ನೀರು ಕಟ್ಟಲು ಬಂದ ಭಾವ ಸನಿಕೆ ಊರಿಕೊಂಡು ನಿಂತರು.

“ಟಾಪು ಓರೆ ಕುಂತದಲ್ಲೋ.”

“ಗಾಡಿನೂ ಓರೆ ಅದೆ ಬಾವ. ದಾರಿನೂ ಓರೆ ಅದೆ. ನೇರ ಮಾಡಿದ್ದಕ್ಕೇ ಸೋರಿದ್ದು.”

ಅವರು ಒಂದು ಹೊತ್ತು ಟಾಪನ್ನು, ಆಮೇಲೆ ಏರಿಯ ಉದ್ದಕ್ಕೂ ಚಕ್ರ ಬಿದ್ದು ಬಿದ್ದು ಆದ ಜಾಡನ್ನು ನೋಡಿದರು. “ಇನ್ನೊಂದು ಗಾಡಿಗೆ ಕೂರಾಕಿಲ್ಲ ಅನ್ನು ಇದು.”

“ಕೂರಾಕಿಲ್ಲ.”

ಅವರು ಸನಿಕೆ ಹೆಗಲಿಗೇರಿಸಿ ಗದ್ದೆಗೆ ಇಳಿದರು.

ಚಿತ್ತೆ ಮಳೆ ಒಂದು ಮಧ್ಯಾಹ್ನ ಬಂತು, ಬೆಟ್ಟದ ಕಡೆಯಿಂದ ಕರಿ ಕಂಬಳಿ ಎಳೆದ ಹಾಗೆ. ಹುಡುಗಿ ಜೀಪು ಸ್ಟಾರ್ಟ್ ಮಾಡಿದಳು. ನಾನು ಹಿಂದೆ ಕ್ಯಾನುಗಳ ನಡುವೆ ಕೂತೆ. ಭಾವ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದರು. ಒಂದು ಹನಿ ಬಿದ್ದರೂ ಕಾಣಲಿ ಎಂದೇ ಇರಬೇಕು. ಜೀಪಿನ ಮುಂದಿನ ಬಾಗಿಲ ಹತ್ತಿರ ಬಂದು ನಿಂತರು. ಅಕ್ಕ ಹೋದ ಮೇಲೆ ಅವರು ಅದರಲ್ಲಿ ಕೂತಿರಲಿಲ್ಲ.

“ಅಪ್ಪ, ನೆಂದೋಯ್ತೀಯ. ಹತ್ತು” ಎಂದಳು ಮಗಳು.

ಹತ್ತಿದರು.

ಏರಿಯ ಮೇಲೆ ಹೋಗುವಾಗ ಮಳೆ ಬಿರುಸಾಯಿತು. ಒಳಬಟ್ಟೆ ಇಲ್ಲದ ಬರೀ ತಗಡಿನ ಮೇಲೆ ಅದು ಬೀಳುವ ಸದ್ದಿಗೆ ಎಂಜಿನ್ನಿನ ಸದ್ದೂ ಕೇಳದಾಯಿತು. ಭಾವ ಮುಂದಿನ ಸಂದಿಯ ಉದ್ದಕ್ಕೂ ಅಂಗೈ ಆಡಿಸಿದರು. ಅಂಗೈ ನೋಡಿಕೊಂಡರು. ಮತ್ತೆ ಆಡಿಸಿದರು. ಆಮೇಲೆ ನೆತ್ತಿಯ ಮೇಲೆ, ರಿವೆಟ್ಟಿನ ಸಾಲುಗಳ ಮೇಲೆ, ಒಂದೊಂದೇ ಉಂಗುರದ ಒಳಮೈಯ ಮೇಲೆ. ಅಂಗಿ ಒಣಗಿಯೇ ಇತ್ತು. ಆ ಕೈಯನ್ನು ಅವರು ಬಹಳ ಹೊತ್ತು ಟಾಪಿನಿಂದ ಇಳಿಸಲಿಲ್ಲ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ತೆಗೆದು ಕಿವಿಗಿಟ್ಟರು.

“ಆ? ಯಾರು? ಕೇಳಾಕಿಲ್ಲ! ಜೋರಾಗಿ ಮಾತಾಡಿ! ... ಓ, ಮೈಸೂರಾ? ... ಇಲ್ಲ ಕಣಪ್ಪಾ! ಬರ್ಬ್ಯಾಡಿ! ... ಕೊಡಾಕಿಲ್ಲ ಅಂದೆ! ... ದುಡ್ಡಿನ ಮಾತಲ್ಲ! ಈ ಗಾಡಿಗೆ ಬೇರೆ ಟಾಪು ಕೂರಾಕಿಲ್ಲ! ಕೇಳುಸ್ತಾ? ಬೇರೆ ಟಾಪು ಕೂರಾಕೇ ಇಲ್ಲ!”

ಫೋನು ಜೇಬಿಗೆ ಹಾಕಿ, ಮುಖ ಒರೆಸಿಕೊಂಡು, ಅರ್ಧ ತಿರುಗಿ ನನ್ನ ಕಡೆಗೆ ಕೂಗಿದರು. “ಲೇ! ಒಳಗೆ ಒಂದು ಬಟ್ಟೆ ಹೊಡ್ಸ್ಲಾ! ಕಿವಿ ತೂತಾಯ್ತದೆ!”

“ಹೊಡ್ಸಾಕಿಲ್ಲ” ಎಂದೆ.

“ಏನಂದೆ?”

ನಾನು ಎರಡೂ ಕೈಯಲ್ಲಿ ಕ್ಯಾನು ಹಿಡಿದುಕೊಂಡು, ಎದೆ ತುಂಬ ಉಸಿರೆಳೆದು, ಮಳೆಗಿಂತ ಜೋರಾಗಿ ಕೂಗಿದೆ.

“ಹೊಡ್ಸಾಕಿಲ್ಲ ಬಾವಾ!”